ಅಮೆರಿಕದ ಎಚ್‌ಎಸ್‌ಎ: ಖಾತೆ ತೆರೆಯಬಹುದು, ತುಂಬುವವರು ಯಾರು?

2026ರ ಜನವರಿ 1ರಂದು ಅಮೆರಿಕದ ಆರೋಗ್ಯ ವಿಮೆಯಲ್ಲಿ ಎರಡು ಬದಲಾವಣೆಗಳು ಒಂದೇ ದಿನ ಜಾರಿಗೆ ಬಂದವು. 2021ರಿಂದ ಸಿಗುತ್ತಿದ್ದ ಹೆಚ್ಚುವರಿ ಪ್ರೀಮಿಯಂ ಸಹಾಯಧನ ನಿಂತಿತು. ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ ಸಿಗುವ 'ಬ್ರಾಂಜ್' ಮತ್ತು 'ಕೆಟಾಸ್ಟ್ರೋಫಿಕ್' ದರ್ಜೆಯ (ಪ್ರೀಮಿಯಂ ಕಡಿಮೆ, ಜೇಬಿನ ಖರ್ಚು ಹೆಚ್ಚು ಇರುವ) ಪಾಲಿಸಿಗಳಿಗೆ ಆರೋಗ್ಯ ಉಳಿತಾಯ ಖಾತೆಯ, ಅಂದರೆ ಎಚ್‌ಎಸ್‌ಎಯ, ಬಾಗಿಲು ತೆರೆಯಿತು. ಮೊದಲನೆಯದರ ಸುದ್ದಿ ಎಲ್ಲರಿಗೂ ತಲುಪಿತು. 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರದ ಕಚೇರಿಗಳು ಮುಚ್ಚಿದ್ದೇ ಆ ಜಗಳಕ್ಕೆ. ಎರಡನೆಯದು 2025ರ ಜುಲೈ 4ರಂದು ಸಹಿಯಾದ ದೊಡ್ಡ ತೆರಿಗೆ ಕಾಯ್ದೆಯ ಪುಟಗಳ ನಡುವೆ ಸದ್ದಿಲ್ಲದೆ ಬಂತು.

ಇದರ ಮೇಲೆ ರಾಜಕೀಯದ ಮಾತು ಬೇರೆ. ವಿಮಾ ಕಂಪನಿಗಳಿಗೆ ಕೊಡುವ ಹಣವನ್ನು ನೇರವಾಗಿ ಜನರ ಕೈಗೇ ಕೊಡಿ ಎಂದು ಅಧ್ಯಕ್ಷ ಟ್ರಂಪ್ 2025ರ ನವೆಂಬರ್‌ನಲ್ಲಿ ಹೇಳಿದರು. ಆ ಹಣ ಎಚ್‌ಎಸ್‌ಎಗೆ ಬಂದು ಬೀಳಲಿ ಎಂಬ ಮಸೂದೆಯನ್ನು ಸೆನೆಟರುಗಳಾದ ಬಿಲ್ ಕ್ಯಾಸಿಡಿ ಮತ್ತು ಮೈಕ್ ಕ್ರೇಪೊ ತಂದರು. ಇದನ್ನೆಲ್ಲ ಕೇಳಿದವರಿಗೆ ಎಚ್‌ಎಸ್‌ಎ ಎಂದರೆ ವಿಮೆಯ ಬದಲಿಗೆ ಸಿಗುವ ಇನ್ನೊಂದು ವ್ಯವಸ್ಥೆ ಎಂಬ ಭಾವನೆ ಬಂದಿದ್ದರೆ ತಪ್ಪಿಲ್ಲ. ಆದರೆ ಅದು ಹಾಗಿಲ್ಲ.

ವಿಮೆ ಬೇರೆ, ಖಾತೆ ಬೇರೆ

ಎಚ್‌ಎಸ್‌ಎ ಒಂದು ಬ್ಯಾಂಕ್ ಖಾತೆಯಂಥದ್ದು. ಅದರಲ್ಲಿರುವುದು ನಿಮ್ಮದೇ ದುಡ್ಡು. ಆಸ್ಪತ್ರೆಯ ಬಿಲ್ಲನ್ನು ಅದು ಕಡಿಮೆ ಮಾಡುವುದಿಲ್ಲ. ಬಿಲ್ಲು ಕಟ್ಟುವ ದುಡ್ಡಿಗೆ ತೆರಿಗೆ ಬೀಳದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಜಾರ್ಜ್ ಡಬ್ಲ್ಯು. ಬುಷ್ 2003ರ ಡಿಸೆಂಬರ್ 8ರಂದು ಸಹಿ ಹಾಕಿದ ಮೆಡಿಕೇರ್ (65 ದಾಟಿದವರ ಸರ್ಕಾರಿ ವಿಮೆ) ಔಷಧ ಕಾಯ್ದೆಯೊಳಗೆ ಇದು ಹುಟ್ಟಿತು, 2004ರ ಜನವರಿಯಿಂದ ಚಾಲ್ತಿಗೆ ಬಂತು.

ಖಾತೆ ತೆರೆಯಲು ಒಂದು ಷರತ್ತಿದೆ: 'ಹೈ ಡಿಡಕ್ಟಿಬಲ್' ಪಾಲಿಸಿ ಇರಲೇಬೇಕು. ಡಿಡಕ್ಟಿಬಲ್ ಎಂದರೆ ವಿಮಾ ಕಂಪನಿ ತನ್ನ ಪಾಲು ಕೊಡಲು ಶುರುಮಾಡುವ ಮೊದಲು ವರ್ಷಕ್ಕೊಮ್ಮೆ ನೀವು ಕೈಯಿಂದ ಕಟ್ಟಬೇಕಾದ ಮೊತ್ತ. ನಮ್ಮಲ್ಲಿ ಸೂಪರ್ ಟಾಪ್‌ಅಪ್ ಪಾಲಿಸಿ ಕೊಂಡವರಿಗೆ ಈ ಪದ ಪರಿಚಿತ. 2026ರಲ್ಲಿ ಈ ಮೊತ್ತ ಒಬ್ಬರ ಪಾಲಿಸಿಗೆ ಕನಿಷ್ಠ 1,700 ಡಾಲರ್, ಕುಟುಂಬದ ಪಾಲಿಸಿಗೆ ಕನಿಷ್ಠ 3,400 ಡಾಲರ್ ಇರಬೇಕು. ವರ್ಷವಿಡೀ ನಿಮ್ಮ ಜೇಬಿನಿಂದ ಹೋಗಬಹುದಾದ ಗರಿಷ್ಠ ಮೊತ್ತ 8,500 ಮತ್ತು 17,000 ಡಾಲರ್ ದಾಟಬಾರದು. ಇವೆರಡೂ ಹೊಂದಿದರೆ ಒಬ್ಬರ ಪಾಲಿಸಿಯವರು ಆ ವರ್ಷ 4,400 ಡಾಲರ್ ತನಕ, ಕುಟುಂಬದ ಪಾಲಿಸಿಯವರು 8,750 ಡಾಲರ್ ತನಕ ಖಾತೆಗೆ ಹಾಕಬಹುದು. 55 ದಾಟಿದವರಿಗೆ ಇನ್ನೂ 1,000 ಡಾಲರ್ ಅವಕಾಶವಿದೆ. ಕಂಪನಿ ಹಾಕುವ ಹಣವೂ ಇದೇ ಮಿತಿಯೊಳಗೆ ಸೇರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಡಿಡಕ್ಟಿಬಲ್ ದೊಡ್ಡದಿದ್ದ ಮಾತ್ರಕ್ಕೆ ಪಾಲಿಸಿ ಎಚ್‌ಎಸ್‌ಎಗೆ ಅರ್ಹವಾಗುವುದಿಲ್ಲ. ಡಿಡಕ್ಟಿಬಲ್ ಮುಗಿಯುವ ಮೊದಲೇ 'ಡಾಕ್ಟರ್ ಭೇಟಿಗೆ 30 ಡಾಲರ್ ಮಾತ್ರ' ಎನ್ನುವಂಥ ಸೌಲಭ್ಯ ಕೊಟ್ಟರೆ, ಮುನ್ನೆಚ್ಚರಿಕೆಯ ತಪಾಸಣೆಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟು, ಆ ಪಾಲಿಸಿ ಹೊರಗೆ.

ಒಂದು ಬಿಲ್ಲಿನ ಪ್ರಯಾಣ

ಕೈ ಮುರಿದು ಆಸ್ಪತ್ರೆಗೆ ಹೋದವರೊಬ್ಬರ ಬಿಲ್ಲು, ವಿಮಾ ಕಂಪನಿಯ ಒಪ್ಪಂದದ ದರದಲ್ಲಿ, 6,000 ಡಾಲರ್ ಆಯಿತು ಎನ್ನೋಣ. ಪಾಲಿಸಿಯ ಡಿಡಕ್ಟಿಬಲ್ 3,000. ಆಮೇಲಿನ ಖರ್ಚಿನಲ್ಲಿ ಶೇ 20 ರೋಗಿಯ ಪಾಲು. ಮೊದಲ 3,000 ಪೂರ್ತಿ ಅವರದೇ. ಉಳಿದ 3,000ದಲ್ಲಿ 600 ಅವರದು, 2,400 ಕಂಪನಿಯದು. ಒಟ್ಟು 3,600 ಡಾಲರ್ ಕಟ್ಟಬೇಕು. ಎಚ್‌ಎಸ್‌ಎ ಇದ್ದರೂ ಇಲ್ಲದಿದ್ದರೂ ಈ ಅಂಕಿ ಬದಲಾಗದು. ಆ 3,600ನ್ನು ತೆರಿಗೆ ಕಟ್ಟಿ ಉಳಿದ ಸಂಬಳದಿಂದ ಕೊಡುತ್ತೀರೋ, ತೆರಿಗೆ ತಗಲದ ಗಂಟಿನಿಂದ ಕೊಡುತ್ತೀರೋ ಎಂಬುದಷ್ಟೇ ವ್ಯತ್ಯಾಸ.

ಕುಟುಂಬದ ಪಾಲಿಸಿಯಲ್ಲಿ ಇನ್ನೊಂದು ತೊಡಕಿದೆ. ಹಲವು ಹೈ ಡಿಡಕ್ಟಿಬಲ್ ಪಾಲಿಸಿಗಳಲ್ಲಿ ಮನೆಯವರೆಲ್ಲರಿಗೂ ಸೇರಿ ಒಂದೇ ಡಿಡಕ್ಟಿಬಲ್ ಇರುತ್ತದೆ. ಅದು 6,000 ಡಾಲರ್ ಆಗಿದ್ದರೆ, ಒಬ್ಬ ಮಗುವಿಗೆ ಮಾತ್ರ ಕಾಯಿಲೆ ಬಂದರೂ 6,000 ತುಂಬುವವರೆಗೆ ಕಂಪನಿ ಪಾಲು ಕೊಡುವುದಿಲ್ಲ. ಪಾಲಿಸಿಯ ಸಾರಾಂಶ ಪತ್ರದಲ್ಲಿ ಇದು ಒಂದು ಸಾಲಾಗಿ ಇರುತ್ತದೆ. ಪಾಲಿಸಿ ಆರಿಸುವಾಗ ಮೊದಲು ಓದಬೇಕಾದ ಸಾಲು ಅದೇ.

ವಾರ್ಷಿಕ ತಪಾಸಣೆ, ಲಸಿಕೆಗಳು ಉಚಿತ. ಆದರೆ ಉಚಿತ ತಪಾಸಣೆಯಲ್ಲಿ ಏನೋ ಕಂಡು, ಡಾಕ್ಟರು ಮುಂದಿನ ಪರೀಕ್ಷೆ ಬರೆದರೆ, ಅದು ರೋಗಪತ್ತೆಯ ಲೆಕ್ಕಕ್ಕೆ ಹೋಗಿ ಡಿಡಕ್ಟಿಬಲ್‌ಗೆ ಬೀಳುತ್ತದೆ. 'ಚೆಕಪ್ ಫ್ರೀ ಅಂದಿದ್ದರು, ಬಿಲ್ಲು ಬಂತು' ಎಂಬ ದೂರುಗಳಲ್ಲಿ ಅನೇಕವು ಹುಟ್ಟುವುದು ಇಲ್ಲಿ.

ಮೂರು ಕಡೆ ತೆರಿಗೆ ಇಲ್ಲ. ಆದರೆ ಲಾಭ ಎಲ್ಲರಿಗೂ ಒಂದೇ ಅಲ್ಲ

ಖಾತೆಗೆ ಹಾಕುವಾಗ ಆದಾಯ ತೆರಿಗೆ ಇಲ್ಲ. ಹೂಡಿಕೆ ಮಾಡಿ ಬೆಳೆದ ಹಣಕ್ಕೆ ತೆರಿಗೆ ಇಲ್ಲ. ವೈದ್ಯಕೀಯ ಖರ್ಚಿಗೆ ತೆಗೆಯುವಾಗಲೂ ಇಲ್ಲ. ಅಮೆರಿಕದ ತೆರಿಗೆ ಕಾನೂನಿನಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ತೀರ ಅಪರೂಪ. ನಿವೃತ್ತಿ ಖಾತೆಗಳಲ್ಲೂ ಯಾವುದೋ ಒಂದು ಕಡೆ ತೆರಿಗೆ ಕಾದಿರುತ್ತದೆ. ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿ ಮಾತ್ರ ಇದನ್ನು ಒಪ್ಪಿಲ್ಲ, ಅಲ್ಲಿ ರಾಜ್ಯದ ತೆರಿಗೆ ಬೀಳುತ್ತದೆ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ರಾಜ್ಯಗಳೇ ಇವು.

ಶೇ 22ರ ತೆರಿಗೆ ಹಂತದಲ್ಲಿರುವ ಒಬ್ಬ ಎಂಜಿನಿಯರ್ ಸಂಬಳದ ಕಡಿತದ ಮೂಲಕ 4,400 ಡಾಲರ್ ಹಾಕಿದರೆ ಆದಾಯ ತೆರಿಗೆಯಲ್ಲಿ 968 ಡಾಲರ್ ಉಳಿಯುತ್ತದೆ. ಸಂಬಳದಿಂದಲೇ ಹೋಗುವುದರಿಂದ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆಯ ಶೇ 7.65 ಕೂಡ ಉಳಿಯುತ್ತದೆ, ಅದು 337 ಡಾಲರ್. ಒಟ್ಟು 1,305. ಜೊತೆಗೆ ಅವರ ಕಂಪನಿ ತನ್ನ ಕಡೆಯಿಂದ 500 ಅಥವಾ 1,000 ಡಾಲರ್ ಹಾಕುವುದೂ ಉಂಟು.

ಇನ್ನೊಬ್ಬರು ಎರಡು ಕಡೆ ಗಂಟೆ ಲೆಕ್ಕದ ಕೆಲಸ ಮಾಡಿ ವರ್ಷಕ್ಕೆ 27,000 ಡಾಲರ್ ಗಳಿಸುವವರು. ಮಾರುಕಟ್ಟೆಯಲ್ಲಿ ಸ್ವಂತ ಪಾಲಿಸಿ ಕೊಂಡವರು. ಅವರ ತೆರಿಗೆ ಹಂತ ಶೇ 10. ಅವರು ಹಣವನ್ನು ನೇರ ಖಾತೆಗೆ ಹಾಕುವುದರಿಂದ ಶೇ 7.65ರ ಉಳಿತಾಯ ಇಲ್ಲ. 4,400 ಪೂರ್ತಿ ಹಾಕಿದರೂ ಉಳಿಯುವುದು 440. ಆದರೆ 27,000 ಗಳಿಸುವವರು 4,400ನ್ನು ಬದಿಗಿಡುವುದು ಹೇಗೆ? ಬಾಡಿಗೆ ಕಟ್ಟಿ ಮಿಕ್ಕಿದ 600 ಡಾಲರ್ ಹಾಕಿದರೆ ಸಿಗುವುದು 60.

ಇಡೀ ಚರ್ಚೆಯ ತಿರುಳು ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿದೆ. ಕಾಯಿಲೆ ಹೆಚ್ಚಿದ್ದವರಿಗೆ ಹೆಚ್ಚು ಸಹಾಯ ಎಂಬ ನಿಯಮ ಇಲ್ಲಿಲ್ಲ. ತೆರಿಗೆ ಹೆಚ್ಚು ಕಟ್ಟುವವರಿಗೆ, ಕೈಯಲ್ಲಿ ಹಣ ಮಿಗುವವರಿಗೆ ಹೆಚ್ಚು ಲಾಭ.

ಬ್ರಾಂಜ್ ಮೊದಲು ಯಾಕೆ ಹೊರಗಿತ್ತು?

ಬ್ರಾಂಜ್ ಪಾಲಿಸಿಗಳ ಡಿಡಕ್ಟಿಬಲ್ ಮೊದಲಿಂದಲೂ ದೊಡ್ಡದು, 2026ರಲ್ಲಿ ಸರಾಸರಿ 7,500 ಡಾಲರ್ ಆಸುಪಾಸು. ಆದರೂ ಬಹಳಷ್ಟು ಬ್ರಾಂಜ್ ಪಾಲಿಸಿಗಳು ಎಚ್‌ಎಸ್‌ಎಗೆ ಅನರ್ಹವಾಗಿದ್ದವು. ಕಾರಣ ಎರಡು. ಮಾರುಕಟ್ಟೆಯ ಪಾಲಿಸಿಗಳಿಗೆ ಜೇಬಿನ ಖರ್ಚಿನ ಗರಿಷ್ಠ ಮಿತಿ 2026ರಲ್ಲಿ 10,600 ಡಾಲರ್. ಎಚ್‌ಎಸ್‌ಎ ಕಾನೂನಿನ ಮಿತಿ 8,500. ಈ ನಡುವೆ ಬಿದ್ದ ಪಾಲಿಸಿಗಳು ವಿಚಿತ್ರವಾಗಿ 'ಅತಿ ದುಬಾರಿ' ಎಂಬ ಕಾರಣಕ್ಕೆ ಹೊರಗುಳಿದವು. ಇನ್ನು ಕೆಲವು, ಡಿಡಕ್ಟಿಬಲ್‌ಗೆ ಮೊದಲೇ ಒಂದೆರಡು ಡಾಕ್ಟರ್ ಭೇಟಿ ಕೊಟ್ಟು ಅನರ್ಹವಾದವು. ಹೊಸ ಕಾಯ್ದೆ ಈ ಅಳತೆಗಳನ್ನು ಬದಿಗಿಟ್ಟು ಎಲ್ಲ ಬ್ರಾಂಜ್, ಕೆಟಾಸ್ಟ್ರೋಫಿಕ್ ಪಾಲಿಸಿಗಳನ್ನೂ ಅರ್ಹ ಎಂದೇ ಪರಿಗಣಿಸಿದೆ. ಫೋನು, ವಿಡಿಯೊ ಮೂಲಕ ಡಾಕ್ಟರ್ ಸಲಹೆ ಡಿಡಕ್ಟಿಬಲ್‌ಗೆ ಮೊದಲೇ ಸಿಕ್ಕರೂ ಅರ್ಹತೆ ಹೋಗದು ಎಂಬುದನ್ನು ಶಾಶ್ವತ ಮಾಡಿದೆ. ತಿಂಗಳಿಗೆ 150 ಡಾಲರ್ ಒಳಗಿನ, ಕುಟುಂಬಕ್ಕಾದರೆ 300ರ ಒಳಗಿನ, 'ನೇರ ಪ್ರಾಥಮಿಕ ಆರೈಕೆ' ಶುಲ್ಕವನ್ನೂ (ವಿಮೆಯ ಮೂಲಕವಲ್ಲದೆ ಡಾಕ್ಟರಿಗೇ ನೇರವಾಗಿ ಕಟ್ಟುವ ಮಾಸಿಕ ಶುಲ್ಕ) ಖಾತೆಯಿಂದ ಕಟ್ಟಬಹುದು.

ಒಂದು ಎಚ್ಚರಿಕೆ. ವಾರ್ಷಿಕ ಆದಾಯ 39,125 ಡಾಲರ್‌ಗಿಂತ ಕಡಿಮೆ ಇರುವ ಒಂಟಿ ವ್ಯಕ್ತಿಗೆ ಡಿಡಕ್ಟಿಬಲ್ ತಗ್ಗಿಸುವ ಇನ್ನೊಂದು ಸಹಾಯ ಇದೆ, ಆದರೆ ಅದು ಬ್ರಾಂಜ್‌ಗಿಂತ ಮೇಲಿನ ದರ್ಜೆಯ 'ಸಿಲ್ವರ್' ಪಾಲಿಸಿ ಕೊಂಡವರಿಗೆ ಮಾತ್ರ. ಮೇಲೆ ಹೇಳಿದ 27,000 ಡಾಲರ್ ಆದಾಯದವರು 60 ಡಾಲರ್ ತೆರಿಗೆ ಉಳಿಸಲು ಬ್ರಾಂಜ್‌ಗೆ ಹೋದರೆ, ಸಿಲ್ವರ್‌ನಲ್ಲಿ ಸಿಗುತ್ತಿದ್ದ ಸಾವಿರಾರು ಡಾಲರ್‌ಗಳ ರಕ್ಷಣೆ ಕೈತಪ್ಪುತ್ತದೆ. 'ಎಚ್‌ಎಸ್‌ಎಗೆ ಅರ್ಹ' ಎಂಬ ಪಟ್ಟಿ ನೋಡಿ ಮರುಳಾಗಬಾರದ ಜಾಗ ಇದು.

62,600ರ ಗೆರೆ

ಹೊಸ ವ್ಯವಸ್ಥೆಯಿಂದ ನಿಜಕ್ಕೂ ಲಾಭವಾಗುವ ಒಂದು ಗುಂಪಿದೆ, ಅದರ ಬಗ್ಗೆ ಸುದ್ದಿ ಕಡಿಮೆ.

ಹೆಚ್ಚುವರಿ ಸಹಾಯಧನ ನಿಂತ ಮೇಲೆ ಹಳೆಯ ಗೆರೆ ಮತ್ತೆ ಬಂದಿದೆ: ಆದಾಯ ಬಡತನ ರೇಖೆಯ ನಾಲ್ಕು ಪಟ್ಟು ದಾಟಿದರೆ ಒಂದು ಡಾಲರ್ ಸಹಾಯವೂ ಇಲ್ಲ. 2026ರ ವಿಮೆಗೆ ಒಂಟಿ ವ್ಯಕ್ತಿಯ ಗೆರೆ 62,600 ಡಾಲರ್ (ಅಲಾಸ್ಕಾ, ಹವಾಯಿಗೆ ಬೇರೆ). 62,600ರಲ್ಲಿ ಇದ್ದವರು ಮಾನದಂಡದ (ಸಹಾಯಧನದ ಲೆಕ್ಕಕ್ಕೆ ಅಳತೆಯಾಗಿ ಹಿಡಿಯುವ) ಸಿಲ್ವರ್ ಪಾಲಿಸಿಗೆ ಆದಾಯದ ಶೇ 9.96ರಷ್ಟು ಕಟ್ಟಿದರೆ ಸಾಕು, 62,601ಕ್ಕೆ ಹೋದವರು ಪೂರ್ತಿ ಬೆಲೆ ಕಟ್ಟಬೇಕು.

ಎಚ್‌ಎಸ್‌ಎಗೆ ಹಾಕಿದ ಹಣ ಈ ಆದಾಯದ ಲೆಕ್ಕದಿಂದ ಕಳೆದುಹೋಗುತ್ತದೆ. 60 ವರ್ಷದ ಸ್ವಂತ ವ್ಯಾಪಾರಿಯ ಆದಾಯ 67,000 ಡಾಲರ್ ಎಂದಿಟ್ಟುಕೊಳ್ಳಿ. ಅವರು ಮಾರುಕಟ್ಟೆಯಲ್ಲಿ ಬ್ರಾಂಜ್ ಕೊಂಡಿದ್ದಾರೆ. 55 ದಾಟಿರುವುದರಿಂದ 5,400 ಡಾಲರ್ ಹಾಕಬಹುದು. ಹಾಕಿದರೆ ಆದಾಯ 61,600ಕ್ಕೆ ಇಳಿದು ಗೆರೆಯ ಒಳಗೆ ಬರುತ್ತದೆ. ಅವರ ಊರಿನ ಮಾನದಂಡದ ಪಾಲಿಸಿ ತಿಂಗಳಿಗೆ 1,100, ವರ್ಷಕ್ಕೆ 13,200 ಡಾಲರ್ ಆದರೆ, ಅವರ ಪಾಲು 6,135, ಸಹಾಯಧನ 7,065. ಈ ಮೊತ್ತವನ್ನು ಬ್ರಾಂಜ್ ಪ್ರೀಮಿಯಂಗೂ ಬಳಸಬಹುದು. ಖಾತೆಗೆ ಹಾಕಿದ 5,400 ಎಲ್ಲೂ ಹೋಗಿಲ್ಲ, ಅವರದೇ. ತೆರಿಗೆಯಲ್ಲಿ ಉಳಿಯುವ ಕೆಲವು ನೂರು ಡಾಲರ್ ಇದರ ಮುಂದೆ ಏನೂ ಅಲ್ಲ.

ಇನ್ನೂ ಒಳ್ಳೆಯ ಸಂಗತಿ ಎಂದರೆ 2026ರ ಪಾಲಿನ ಹಣವನ್ನು 2027ರ ಏಪ್ರಿಲ್ 15ರವರೆಗೆ ಹಾಕಬಹುದು. ವ್ಯಾಪಾರದ ಆದಾಯ ಎಷ್ಟಾಯಿತೆಂದು ವರ್ಷ ಮುಗಿದ ಮೇಲೆ ಲೆಕ್ಕ ಹಾಕಿ, ಗೆರೆ ದಾಟಿದ್ದರೆ ಹಿಂದಕ್ಕೆ ಬರಬಹುದು. ಇದು ಮುಖ್ಯವಾಗಲು ಕಾರಣ ಅದೇ ಜುಲೈ ಕಾಯ್ದೆಯ ಮತ್ತೊಂದು ಅಂಶ: ಮುಂಗಡವಾಗಿ ಹೆಚ್ಚು ಪಡೆದ ಸಹಾಯಧನವನ್ನು ಹಿಂತಿರುಗಿಸುವಾಗ ಮೊದಲಿದ್ದ ಮಿತಿ 2026ರಿಂದ ಇಲ್ಲ, ಪೂರ್ತಿ ಕಟ್ಟಬೇಕು.

ವಾದ ಮತ್ತು ಪ್ರತಿವಾದ

ಬೆಂಬಲಿಗರ ವಾದ ಸರಳ. ತನ್ನ ದುಡ್ಡು ಖರ್ಚಾಗುವಾಗ ಮನುಷ್ಯ ಬೆಲೆ ಕೇಳುತ್ತಾನೆ. ಎಲ್ಲರೂ ಬೆಲೆ ಕೇಳಿದರೆ ಆಸ್ಪತ್ರೆಗಳು ಬೆಲೆ ಇಳಿಸುತ್ತವೆ. ಸಹಾಯಧನ ವಿಮಾ ಕಂಪನಿಗೆ ಹೋದರೆ ಪ್ರೀಮಿಯಂ ಏರಿಸಲು ಅದೇ ಕುಮ್ಮಕ್ಕು. ಕ್ಯಾಸಿಡಿ-ಕ್ರೇಪೊ ಮಸೂದೆ ಈ ತರ್ಕದ ಮೇಲೆ ನಿಂತಿತ್ತು: ಬ್ರಾಂಜ್ ಅಥವಾ ಕೆಟಾಸ್ಟ್ರೋಫಿಕ್ ಕೊಂಡ 18ರಿಂದ 49 ವಯಸ್ಸಿನವರ ಎಚ್‌ಎಸ್‌ಎಗೆ ವರ್ಷಕ್ಕೆ 1,000 ಡಾಲರ್, 50ರಿಂದ 64ರವರಿಗೆ 1,500.

ವಿರೋಧಿಗಳು ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ಎಚ್‌ಎಸ್‌ಎ ಹಣದಿಂದ ಸಾಮಾನ್ಯವಾಗಿ ಪ್ರೀಮಿಯಂ ಕಟ್ಟುವಂತಿಲ್ಲ. ಸಹಾಯಧನ ಪಡೆಯುತ್ತಿದ್ದವರ ವಾರ್ಷಿಕ ಪ್ರೀಮಿಯಂ ಸರಾಸರಿ 888ರಿಂದ 1,904 ಡಾಲರ್‌ಗೆ ಏರುತ್ತದೆ ಎಂದು ಆರೋಗ್ಯ ನೀತಿ ಸಂಸ್ಥೆ ಕೆಎಫ್‌ಎಫ್ ಅಂದಾಜಿಸಿತ್ತು. ಆ ಏರಿಕೆಗೆ ಖಾತೆಯ 1,000 ಡಾಲರ್ ಮುಟ್ಟುವಂತಿಲ್ಲದಿದ್ದರೆ ಏನು ಪ್ರಯೋಜನ? ಎರಡು, 7,500 ಡಾಲರ್ ಡಿಡಕ್ಟಿಬಲ್ ಮುಂದೆ 1,000 ಎಷ್ಟು ದೂರ ಬರುತ್ತದೆ?

'ಬೆಲೆ ಕೇಳುತ್ತಾರೆ' ಎಂಬ ವಾದವನ್ನು ಪುರಾವೆಯ ಮೇಲೆ ಅಳೆಯಬಹುದು. 1974ರಿಂದ 1982ರವರೆಗೆ ನಡೆದ ರ‍್ಯಾಂಡ್ ಸಂಸ್ಥೆಯ ಪ್ರಯೋಗದಲ್ಲಿ, ಜೇಬಿನ ಪಾಲು ಹೆಚ್ಚಾದಾಗ ಜನ ಚಿಕಿತ್ಸೆ ಕಡಿಮೆ ಮಾಡಿದ್ದು ನಿಜ. ಆದರೆ ಬೇಕಾದದ್ದನ್ನೂ ಬೇಡದ್ದನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಿಟ್ಟರು. ದೊಡ್ಡ ಕಂಪನಿಯೊಂದು ನೌಕರರನ್ನೆಲ್ಲ ಹೈ ಡಿಡಕ್ಟಿಬಲ್ ಪಾಲಿಸಿಗೆ ದಾಟಿಸಿದಾಗ ಏನಾಯಿತೆಂದು ನೋಡಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಖರ್ಚು ಶೇ 12ರಿಂದ 14ರಷ್ಟು ಇಳಿದಿತ್ತು. ಅಗ್ಗದ ಆಸ್ಪತ್ರೆ ಹುಡುಕಿದ್ದರಿಂದ ಅಲ್ಲ, ಚಿಕಿತ್ಸೆಯನ್ನೇ ಕಡಿಮೆ ಮಾಡಿದ್ದರಿಂದ. ಆ ನೌಕರರು ಒಳ್ಳೆಯ ಸಂಬಳದವರು, ಕಂಪನಿ ಅವರ ಎಚ್‌ಎಸ್‌ಎ ತುಂಬಿಸಿಯೂ ಇತ್ತು. ಅಂಥವರೇ ಬೆಲೆ ಹುಡುಕದಿದ್ದರೆ ಉಳಿದವರಿಂದ ನಿರೀಕ್ಷಿಸುವುದು ಕಷ್ಟ. ಎದೆನೋವು ಬಂದಾಗ ಯಾರೂ ಕೊಟೇಶನ್ ಕೇಳುವುದಿಲ್ಲ.

2025ರ ಡಿಸೆಂಬರ್ 11ರಂದು ಸೆನೆಟ್‌ನಲ್ಲಿ ಈ ಮಸೂದೆಯೂ, ಸಹಾಯಧನವನ್ನು ಮೂರು ವರ್ಷ ಮುಂದುವರಿಸುವ ಡೆಮಾಕ್ರಟರ ಮಸೂದೆಯೂ ಬೇಕಾದ 60 ಮತ ಸಿಗದೆ ಬಿದ್ದವು. ಹಾಗಾಗಿ ಬ್ರಾಂಜ್ ಕೊಂಡವರಿಗೆ ಜನವರಿಯಲ್ಲಿ ಸಿಕ್ಕಿದ್ದು ಖಾತೆ ತೆರೆಯುವ ಹಕ್ಕು, ಸರ್ಕಾರದ ಠೇವಣಿಯಲ್ಲ.

ಎಡವುವ ಜಾಗಗಳು

ಖಾತೆ ತೆರೆಯುವ ಮೊದಲಿನ ಖರ್ಚಿಗೆ ಎಚ್‌ಎಸ್‌ಎ ಹಣ ಬಳಸುವಂತಿಲ್ಲ. ಪಾಲಿಸಿ ಜನವರಿ 1ಕ್ಕೆ ಶುರುವಾಗಿ ಖಾತೆ ಮಾರ್ಚ್‌ನಲ್ಲಿ ತೆರೆದರೆ ಫೆಬ್ರುವರಿಯ ಬಿಲ್ಲು ಲೆಕ್ಕಕ್ಕಿಲ್ಲ. ಮೊದಲ ವಾರದಲ್ಲೇ ಒಂದಿಷ್ಟು ಡಾಲರ್ ಹಾಕಿ ಖಾತೆ ಚಾಲೂ ಮಾಡಿಕೊಳ್ಳುವುದು ಜಾಣತನ. ಆಮೇಲೆ ಆದ ಖರ್ಚನ್ನು ಹಿಂಪಡೆಯಲು ಗಡುವಿಲ್ಲ: ಈ ವರ್ಷದ ಬಿಲ್ಲನ್ನು ಕೈಯಿಂದ ಕಟ್ಟಿ, ರಸೀದಿ ಇಟ್ಟುಕೊಂಡು, ಹತ್ತು ವರ್ಷದ ನಂತರ ಬೆಳೆದ ಗಂಟಿನಿಂದ ತೆಗೆಯಬಹುದು. ರಸೀದಿಯನ್ನು ಬ್ಯಾಂಕು ಕೇಳುವುದಿಲ್ಲ, ತೆರಿಗೆ ಇಲಾಖೆ ಕೇಳಬಹುದು. ಥರ್ಮಲ್ ಕಾಗದ ಮಾಸುತ್ತದೆ, ಸ್ಕ್ಯಾನ್ ಮಾಡಿಡಬೇಕು.

ಗಂಡನಿಗೆ ಎಚ್‌ಎಸ್‌ಎ, ಹೆಂಡತಿಯ ಕಂಪನಿಯಲ್ಲಿ ವೈದ್ಯಕೀಯ ಖರ್ಚಿಗೆಂದು ತೆರಿಗೆಯಿಲ್ಲದೆ ಸಂಬಳದಿಂದ ಹಣ ಎತ್ತಿಡುವ ಸಾಮಾನ್ಯ ಎಫ್‌ಎಸ್‌ಎ: ಇದು ತೀರ ಸಾಮಾನ್ಯವಾದ ತಪ್ಪು. ಆಕೆಯ ಎಫ್‌ಎಸ್‌ಎಯಿಂದ ಆತನ ಖರ್ಚನ್ನೂ ಭರಿಸಬಹುದಾದ್ದರಿಂದ ಆತ ಅನರ್ಹನಾಗುತ್ತಾನೆ, ಒಂದು ಡಾಲರ್ ಬಳಸದಿದ್ದರೂ. ಹಲ್ಲು, ಕಣ್ಣಿಗೆ ಸೀಮಿತವಾದ ಎಫ್‌ಎಸ್‌ಎ ಇದ್ದರೆ ತೊಂದರೆಯಿಲ್ಲ.

65 ದಾಟಿದ ಮೇಲೂ ಕೆಲಸ ಮಾಡುತ್ತ ತಡವಾಗಿ ಮೆಡಿಕೇರ್ ಸೇರುವವರಿಗೆ ಅದರ ಭಾಗ ಎ, ಅಂದರೆ ಆಸ್ಪತ್ರೆ ವಿಮೆ, ಆರು ತಿಂಗಳು ಹಿಂದಿನಿಂದ ಅನ್ವಯವಾಗಬಹುದು. ಆ ತಿಂಗಳುಗಳಲ್ಲಿ ಹಾಕಿದ ಹಣ ಹೆಚ್ಚುವರಿ ಎನಿಸುತ್ತದೆ. ಹೆಚ್ಚುವರಿ ಹಣಕ್ಕೆ ಪ್ರತಿ ವರ್ಷ ಶೇ 6 ದಂಡ, ತೆಗೆಯುವವರೆಗೂ. ರಿಟರ್ನ್ಸ್ ಸಲ್ಲಿಸುವ ಗಡುವಿನೊಳಗೆ ಅದನ್ನೂ ಅದರ ಗಳಿಕೆಯನ್ನೂ ಹಿಂತೆಗೆದರೆ ದಂಡ ತಪ್ಪುತ್ತದೆ. ವೈದ್ಯಕೀಯವಲ್ಲದ ಖರ್ಚಿಗೆ 65ರ ಮೊದಲು ತೆಗೆದರೆ ಆದಾಯ ತೆರಿಗೆಯ ಜೊತೆ ಶೇ 20 ದಂಡ. 65ರ ನಂತರ ತೆರಿಗೆ ಮಾತ್ರ.

ನಾಮಿನಿ ಹೆಸರು ಖಾಲಿ ಬಿಡಬಾರದು. ಸಂಗಾತಿಗೆ ಹೋದರೆ ಅದು ಎಚ್‌ಎಸ್‌ಎಯಾಗಿಯೇ ಉಳಿಯುತ್ತದೆ. ಮಕ್ಕಳಿಗೆ ಹೋದರೆ ಆ ವರ್ಷ ಪೂರ್ತಿ ಮೊತ್ತ ಅವರ ಆದಾಯ.

ಬೆಂಗಳೂರಿನ ಬಿಲ್ಲು, ಊರಿಗೆ ಮರಳುವ ವರ್ಷ

ರಜೆಗೆ ಬಂದಾಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹಲ್ಲಿನ ರೂಟ್ ಕೆನಾಲ್ ಮಾಡಿಸಿಕೊಂಡರೆ ಆ ಖರ್ಚನ್ನು ಎಚ್‌ಎಸ್‌ಎಯಿಂದ ಹಿಂಪಡೆಯಬಹುದು. ಅಮೆರಿಕದಲ್ಲಿ ಅರ್ಹವಾದ ಚಿಕಿತ್ಸೆ ಹೊರದೇಶದಲ್ಲಿ ಆದರೂ ಅರ್ಹ. ಹೆಸರು, ದಿನಾಂಕ, ಚಿಕಿತ್ಸೆ, ಮೊತ್ತ ಇರುವ ರಸೀದಿ ಬೇಕು. ಆ ದಿನದ ರೂಪಾಯಿ-ಡಾಲರ್ ದರ ಬರೆದಿಟ್ಟುಕೊಳ್ಳಬೇಕು. ಡಾಕ್ಟರು ಬರೆದ ಔಷಧಿ, ಎರಡೂ ದೇಶಗಳಲ್ಲಿ ಕಾನೂನುಬದ್ಧವಾಗಿದ್ದು ಇಲ್ಲೇ ಕೊಂಡು ಇಲ್ಲೇ ಸೇವಿಸಿದ್ದರೆ ಲೆಕ್ಕಕ್ಕೆ ಬರುತ್ತದೆ. ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋದ ಆರು ತಿಂಗಳ ಮಾತ್ರೆ ಬರುವುದಿಲ್ಲ.

ಊರಿನಲ್ಲಿರುವ ಅಪ್ಪ ಅಮ್ಮನ ಆಸ್ಪತ್ರೆ ಖರ್ಚಿಗೆ ಈ ಹಣ ಬಳಸುವಂತಿಲ್ಲ. ಅಮೆರಿಕದ ತೆರಿಗೆಯಲ್ಲಿ ಅವಲಂಬಿತರು ಎನಿಸಲು ಅಲ್ಲಿನ ಪ್ರಜೆ ಅಥವಾ ನಿವಾಸಿ, ಇಲ್ಲವೇ ಕೆನಡಾ, ಮೆಕ್ಸಿಕೊ ನಿವಾಸಿ ಆಗಿರಬೇಕು. ನೀವೇ ಪೂರ್ತಿ ಸಾಕುತ್ತಿದ್ದರೂ ಶಿವಮೊಗ್ಗದಲ್ಲಿರುವ ತಾಯಿ ಈ ಪಟ್ಟಿಯಲ್ಲಿಲ್ಲ. ಗ್ರೀನ್ ಕಾರ್ಡ್ ಪಡೆದು ನಿಮ್ಮ ಜೊತೆ ನಿಮ್ಮ ಖರ್ಚಿನಲ್ಲೇ ಇರುವ ತಾಯಿಯ ಮಾತು ಬೇರೆ.

ಎಚ್-1ಬಿ ಮುಗಿಸಿ ಮರಳುವವರಿಗೆ ತಿಂಗಳ ಲೆಕ್ಕ ಮುಖ್ಯ. ಪ್ರತಿ ತಿಂಗಳ 1ನೇ ತಾರೀಖಿಗೆ ಅರ್ಹ ಪಾಲಿಸಿ ಇದ್ದರೆ ಆ ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲು. ಜುಲೈ ಮಧ್ಯೆ ಕೆಲಸ ಬಿಟ್ಟು, ಆ ತಿಂಗಳೊಂದಿಗೆ ಪಾಲಿಸಿಯೂ ಮುಗಿದರೆ ಏಳು ತಿಂಗಳು, ಅಂದರೆ 2,567 ಡಾಲರ್. ಜನವರಿಯಲ್ಲೇ 4,400 ಪೂರ್ತಿ ಹಾಕಿದ್ದರೆ 1,833 ಹೆಚ್ಚುವರಿ, ಹಿಂತೆಗೆಯಬೇಕು. ಇದಕ್ಕೆ ಉಲ್ಟಾ ಬಲೆಯೂ ಉಂಟು. ಕೆಲಸಕ್ಕೆ ಸೇರಿ ನವೆಂಬರ್ 1ರಿಂದ ಅರ್ಹ ಪಾಲಿಸಿ ಪಡೆದವರು ಡಿಸೆಂಬರ್ 1ಕ್ಕೂ ಅರ್ಹರಾಗಿದ್ದರೆ ಇಡೀ ವರ್ಷದ 4,400 ಹಾಕಲು ಕಾನೂನು ಬಿಡುತ್ತದೆ, ಆದರೆ ಮುಂದಿನ ವರ್ಷದ ಡಿಸೆಂಬರ್ 31ರವರೆಗೆ ಅರ್ಹರಾಗಿಯೇ ಇರಬೇಕು. ನಡುವೆ ಊರಿಗೆ ಮರಳಿದರೆ, ಎರಡು ತಿಂಗಳ ಪಾಲಾದ 733 ಬಿಟ್ಟು ಉಳಿದ 3,667 ಡಾಲರ್ ಆದಾಯಕ್ಕೆ ಸೇರಿ, ಮೇಲೆ ಶೇ 10 ತೆರಿಗೆ ಬೀಳುತ್ತದೆ.

ಮರಳಿದ ಮೇಲೂ ಖಾತೆ ನಿಮ್ಮದೇ. ಹೊಸ ಹಣ ಹಾಕುವಂತಿಲ್ಲ, ಭಾರತದ ಚಿಕಿತ್ಸೆಗೆ ತೆಗೆಯಬಹುದು, ಅದಕ್ಕೆ ಅಮೆರಿಕದ ತೆರಿಗೆ ಇಲ್ಲ. ಕಂಪನಿ ಕಟ್ಟುತ್ತಿದ್ದ ಮಾಸಿಕ ನಿರ್ವಹಣಾ ಶುಲ್ಕ ಈಗ ನಿಮ್ಮ ಗಂಟಿನಿಂದ ಹೋಗುತ್ತದೆ. ಕೆಲವು ಸಂಸ್ಥೆಗಳು ವಿದೇಶಿ ವಿಳಾಸವನ್ನೇ ಒಪ್ಪುವುದಿಲ್ಲ. ಶುಲ್ಕವಿಲ್ಲದ ಸಂಸ್ಥೆಗೆ ನೇರ ವರ್ಗಾವಣೆಯನ್ನು ಹೊರಡುವ ಮುಂಚೆಯೇ ಮುಗಿಸಿಕೊಳ್ಳಬೇಕು. ಮರಳಿದ ಮೊದಲ ಎರಡು ಮೂರು ವರ್ಷ ಸಾಮಾನ್ಯವಾಗಿ ಸಿಗುವ 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ' ಸ್ಥಾನ ಮುಗಿದ ಮೇಲೆ ಭಾರತ ಜಗತ್ತಿನಾದ್ಯಂತದ ಆದಾಯಕ್ಕೆ ತೆರಿಗೆ ಹಾಕುತ್ತದೆ, ಐಟಿಆರ್‌ನ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ಈ ಖಾತೆಯನ್ನೂ ತೋರಿಸಬೇಕು. ಅದರೊಳಗಿನ ಬಡ್ಡಿ, ಲಾಭಾಂಶವನ್ನು ಹೇಗೆ ತೋರಿಸಬೇಕೆಂದು ಎರಡೂ ದೇಶಗಳ ತೆರಿಗೆ ಬಲ್ಲ ಲೆಕ್ಕಪರಿಶೋಧಕರನ್ನು ಆ ಸ್ಥಾನ ಬದಲಾಗುವ ಹಣಕಾಸು ವರ್ಷ ಶುರುವಾಗುವ ಮೊದಲೇ ಕೇಳಿಕೊಳ್ಳಬೇಕು.